ಕಟ್ಟೆಯ ಕೆಳಗಿನ ನೆರೆಯವರು

ಒಂದು ವಸ್ತು ಅಪಾಯಕಾರಿ ಎಂದು ನಾವು ಯಾವಾಗ ಹೇಳುತ್ತೇವೆ? ಗೋಡೆ ಬಿರುಕು ಬಿಟ್ಟಾಗ, ಕಾಲುಸಂಕ ಅಲುಗಾಡಿದಾಗ, ಒಣಗಿದ ಮರ ಮನೆಯ ಕಡೆಗೆ ವಾಲಿದಾಗ. ಗಟ್ಟಿಯಾಗಿರುವುದು ಸುರಕ್ಷಿತ, ಶಿಥಿಲವಾಗಿರುವುದು ಅಪಾಯಕಾರಿ ಎಂಬುದು ನಮ್ಮ ಸಾಮಾನ್ಯ ತಿಳುವಳಿಕೆ. ಅಪಾಯವು ವಸ್ತುವಿನ ದೌರ್ಬಲ್ಯದಲ್ಲಿ ಅಡಗಿದೆ ಎಂದು ನಾವು ಭಾವಿಸುತ್ತೇವೆ.

ಆದರೆ ಅಣೆಕಟ್ಟುಗಳ ಸುರಕ್ಷತೆಯನ್ನು ನೋಡಿಕೊಳ್ಳುವ ಇಂಜಿನಿಯರುಗಳು ಇನ್ನೊಂದು ಅಳತೆಗೋಲನ್ನೂ ಇಟ್ಟುಕೊಂಡಿದ್ದಾರೆ. ಅಮೆರಿಕ ದೇಶದಲ್ಲಿ 90,000ಕ್ಕೂ ಹೆಚ್ಚು ಅಣೆಕಟ್ಟುಗಳು ಸರ್ಕಾರದ ಪಟ್ಟಿಯಲ್ಲಿವೆ. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಖಾಸಗಿಯವರ ಒಡೆತನದವು. ಮೀನು ಹಿಡಿಯಲು, ದೋಣಿ ನಡೆಸಲು, ಈಜಲು, ದಡದಲ್ಲಿ ಮನೆ ಕಟ್ಟಿಕೊಂಡು ವಿಶ್ರಮಿಸಲು ನಿರ್ಮಿಸಿಕೊಂಡ ಸಣ್ಣ ಸಣ್ಣ ವಿಹಾರದ ಕೆರೆಗಳು ಅವುಗಳಲ್ಲಿ ಬಹಳಷ್ಟಿವೆ. ಈ ಎಲ್ಲ ಅಣೆಕಟ್ಟುಗಳನ್ನು ಅಲ್ಲಿ ಮೂರು ವರ್ಗಗಳಾಗಿ ವಿಂಗಡಿಸಲಾಗುತ್ತದೆ. ಕಟ್ಟೆ ಒಡೆದರೆ ನಷ್ಟವು ಬಹುಮಟ್ಟಿಗೆ ಮಾಲೀಕನ ಜಮೀನಿಗೇ ಸೀಮಿತವಾಗುವುದಾದರೆ ಅದು ಕಡಿಮೆ ಅಪಾಯದ ವರ್ಗ. ಜೀವಹಾನಿಯ ಸಂಭವವಿಲ್ಲ, ಆದರೆ ಇತರರ ಆಸ್ತಿಪಾಸ್ತಿಗೆ, ರಸ್ತೆಗೆ, ಪರಿಸರಕ್ಕೆ ಹಾನಿಯಾಗುವುದಾದರೆ ಅದು ಗಣನೀಯ ಅಪಾಯದ ವರ್ಗ. ಒಬ್ಬನೇ ಒಬ್ಬ ಮನುಷ್ಯನ ಪ್ರಾಣ ಹೋಗುವ ಸಂಭವವಿದ್ದರೂ ಅದು ಹೆಚ್ಚು ಅಪಾಯದ ವರ್ಗಕ್ಕೆ ಸೇರುತ್ತದೆ.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಈ ವರ್ಗೀಕರಣ ಕಟ್ಟೆ ಗಟ್ಟಿಯೋ ಸಡಿಲವೋ ಎಂಬುದನ್ನು ಹೇಳುವುದಿಲ್ಲ. ಅದನ್ನು ಹೇಳಲು ಬೇರೆ ಪರೀಕ್ಷೆಯಿದೆ, ಬೇರೆ ಶ್ರೇಣಿಗಳಿವೆ. ನಿನ್ನೆ ಕಟ್ಟಿ ಮುಗಿಸಿದ, ಒಂದು ಬಿರುಕೂ ಇಲ್ಲದ ಅಣೆಕಟ್ಟು ಹೆಚ್ಚು ಅಪಾಯದ ವರ್ಗದಲ್ಲಿರಬಹುದು; ಕುಸಿಯುತ್ತಿರುವ ಹಳೆಯ ಒಡ್ಡು ಕಡಿಮೆ ಅಪಾಯದ ವರ್ಗದಲ್ಲಿರಬಹುದು. ವರ್ಗವನ್ನು ನಿರ್ಧರಿಸುವುದು ಕೆಳಗೆ ಯಾರಿದ್ದಾರೆ ಎಂಬ ಒಂದೇ ಪ್ರಶ್ನೆ. ಇಂಜಿನಿಯರನು ಗೋಡೆಗೆ ಬೆನ್ನು ತಿರುಗಿಸಿ, ಹಳ್ಳದ ಹಾದಿಯಲ್ಲಿ ಇಳಿದು ಹೋಗಿ, ಅಲ್ಲಿ ಮಲಗುವ ಜನರನ್ನು ಎಣಿಸಿ ಬಂದು ಈ ಕಟ್ಟೆ ಇಂಥ ವರ್ಗದ್ದು ಎಂದು ಬರೆಯುತ್ತಾನೆ.

ತಾಂತ್ರಿಕ ಕಡತದಲ್ಲಿರುವ ಈ ನಿಯಮದಲ್ಲಿ ನಮ್ಮ ವಿಶ್ವಾಸಜೀವನಕ್ಕೆ ಸಂಬಂಧಿಸಿದ ಆಳವಾದ ನೈತಿಕ ಸತ್ಯವೊಂದಿದೆ ಎಂದು ನನಗೆ ತೋರುತ್ತದೆ. ನನ್ನ ವಸ್ತುವಿನ ಬಗ್ಗೆ ನನಗಿರುವ ಹೊಣೆಯ ಅಳತೆ ಆ ವಸ್ತುವಿನ ಬೆಲೆಯಲ್ಲಿಲ್ಲ, ಗಾತ್ರದಲ್ಲಿಲ್ಲ, ನನ್ನ ಉದ್ದೇಶದ ಒಳ್ಳೆಯತನದಲ್ಲಿಯೂ ಇಲ್ಲ. ಅದರ ನೆರಳು ಯಾರ ಮೇಲೆ ಬೀಳುತ್ತದೆ ಎಂಬುದರಲ್ಲಿದೆ. ಈ ಮಾತನ್ನೇ ಇಂದು ನಿಮ್ಮೊಡನೆ ವಿಚಾರ ಮಾಡಲು ಬಯಸುತ್ತೇನೆ.

ನೆರೆ ಮತ್ತು ನೆರೆಯವ

ನಮ್ಮ ಕನ್ನಡದಲ್ಲಿ ‘ನೆರೆ’ ಎಂದರೆ ಪ್ರವಾಹ. ‘ನೆರೆ’ ಎಂದರೆ ಪಕ್ಕದ ಮನೆಯೂ ಹೌದು. ಭಾಷಾಪಂಡಿತರು ಇವೆರಡರ ಮೂಲವನ್ನು ಬೇರೆಬೇರೆಯಾಗಿ ಹೇಳಬಹುದು. ಆದರೆ ಕಿವಿಗೆ ಅವು ಒಂದೇ ಆಗಿ ಕೇಳುತ್ತವೆ. ಮಳೆಗಾಲದಲ್ಲಿ ನದಿಯ ದಡದಲ್ಲಿ ಬಾಳುವವರಿಗೆ ಈ ಎರಡು ಅರ್ಥಗಳು ದೂರದವಲ್ಲ. ನೆರೆ ಬಂದಾಗಲೇ ನೆರೆಯವರು ಯಾರೆಂದು ತಿಳಿಯುತ್ತದೆ.

ನನ್ನ ನೆರೆಯವನು ಯಾರು ಎಂದು ಧರ್ಮಶಾಸ್ತ್ರಜ್ಞನೊಬ್ಬ ಯೇಸುಸ್ವಾಮಿಯನ್ನು ಕೇಳಿದ ಪ್ರಸಂಗ ಸಂತ ಲೂಕನ ಶುಭಸಂದೇಶದ 10ನೆಯ ಅಧ್ಯಾಯದಲ್ಲಿದೆ. ಅವನಿಗೆ ಬೇಕಾಗಿದ್ದುದು ಒಂದು ಗಡಿರೇಖೆ: ಇಲ್ಲಿಯವರೆಗೆ ನನ್ನ ಹೊಣೆ, ಇಲ್ಲಿಂದಾಚೆಗೆ ಇಲ್ಲ. ಪ್ರಭು ಗಡಿರೇಖೆಯನ್ನು ಎಳೆಯಲಿಲ್ಲ. ದಾರಿಯಲ್ಲಿ ಬಿದ್ದವನ ಕಥೆಯನ್ನು ಹೇಳಿ, ಪ್ರಶ್ನೆಯನ್ನೇ ತಿರುಗಿಸಿದರು. ಆ ಸಮಾರಿಯದವನು ಗಾಯಾಳುವನ್ನು ಕಣ್ಣಾರೆ ಕಂಡನು. ಕಟ್ಟೆಯ ಮೇಲಿರುವವನ ಕಷ್ಟವೇನೆಂದರೆ, ಕೆಳಗಿರುವವನು ಅವನ ಕಣ್ಣಿಗೆ ಬೀಳುವುದಿಲ್ಲ. ಹತ್ತು ಮೈಲಿ ದೂರದ ತಿರುವಿನಲ್ಲಿ, ಮರಗಳ ಮರೆಯಲ್ಲಿ, ಗುರುತು ಪರಿಚಯವಿಲ್ಲದ ಒಂದು ಮನೆಯಲ್ಲಿ ಅವನು ಮಲಗಿರುತ್ತಾನೆ. ಅವನು ಗಾಯಗೊಂಡಿಲ್ಲ, ಕೂಗುತ್ತಿಲ್ಲ, ಸಹಾಯ ಬೇಡುತ್ತಿಲ್ಲ. ಆದರೂ ನೀರಿನ ಸಂಬಂಧದಿಂದ ಅವನು ನನ್ನ ನೆರೆಯವನೇ.

ಟೊಕೋವಾದ ಒಂದು ರಾತ್ರಿ

ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ ಟೊಕೋವಾ ಫಾಲ್ಸ್ ಎಂಬ ಸುಂದರವಾದ ಸ್ಥಳವಿದೆ. ಅಲ್ಲಿ 186 ಅಡಿ ಎತ್ತರದಿಂದ ಧುಮುಕುವ ಜಲಪಾತ; ಅದರ ಕೆಳಗೆ ನಮ್ಮ ಪ್ರಾಟೆಸ್ಟೆಂಟ್ ಸಹೋದರರು ನಡೆಸುವ ಬೈಬಲ್ ಕಾಲೇಜು. ಜಲಪಾತದ ಮೇಲ್ಭಾಗದಲ್ಲಿ ಕೆಲ್ಲಿ ಬಾರ್ನ್ಸ್ ಎಂಬ ಸಣ್ಣ ಅಣೆಕಟ್ಟು ಇತ್ತು. 1899ರ ಸುಮಾರಿಗೆ ಯಾರೋ ಕಲ್ಲು, ಮರ ಜೋಡಿಸಿ ಹಾಕಿದ್ದ ಒಡ್ಡು ಅದು. ತನ್ನ ಉಪಯೋಗಕ್ಕೆ ವಿದ್ಯುತ್ ಬೇಕೆಂದು ಬೈಬಲ್ ಶಾಲೆಯು ಮುಂದೆ ಅದರ ಮೇಲೆ ಮಣ್ಣು ಏರಿಸಿತು. ಎರಡನೆಯ ಮಹಾಯುದ್ಧದ ಬಳಿಕ ಇನ್ನಷ್ಟು ಎತ್ತರಿಸಿತು. ಕೊನೆಗೆ ಅದರ ಎತ್ತರ ಸುಮಾರು 40 ಅಡಿ. 1957ರಲ್ಲಿ ವಿದ್ಯುತ್ ಉತ್ಪಾದನೆ ನಿಂತಿತು. ಅಲ್ಲಿಂದಾಚೆಗೆ ಅದು ಕೇವಲ ವಿಹಾರದ ಕೆರೆ.

ಉಪಯೋಗ ಮುಗಿದ ವಸ್ತುವಿನ ಮೇಲೆ ನಮ್ಮ ಗಮನವೂ ಮುಗಿಯುತ್ತದೆ. ವಿದ್ಯುತ್ ಬೇಕಿದ್ದಾಗ ದಿನವೂ ಯಾರಾದರೂ ಹೋಗಿ ನೋಡುತ್ತಿದ್ದಿರಬೇಕು. ವಿಹಾರಕ್ಕೆ ಮಾತ್ರ ಉಳಿದ ಕೆರೆಯನ್ನು ಅಷ್ಟು ನಿಷ್ಠೆಯಿಂದ ನೋಡುವವರು ವಿರಳ. ಕಟ್ಟೆಯ ಇಳಿಜಾರು ತೀರಾ ಕಡಿದಾಗಿತ್ತು. ಅದರ ಮೇಲೆ ಮರಗಳು ಬೆಳೆದವು. 1973ರಲ್ಲಿ ಕೆಳಬದಿಯ ಇಳಿಜಾರಿನಲ್ಲಿ ಒಂದಿಷ್ಟು ಮಣ್ಣು ಜಾರಿ ಕುಸಿದಿತ್ತು. ಕಟ್ಟೆಯನ್ನು ಪರಿಶೀಲಿಸಬೇಕೆಂಬ ಕಾನೂನು ಆ ರಾಜ್ಯದಲ್ಲಿ ಆಗ ಇರಲಿಲ್ಲ.

1977ರ ನವೆಂಬರ್ ತಿಂಗಳ ಮೊದಲ ವಾರ ಜೋರು ಮಳೆ. ನವೆಂಬರ್ 6, ಭಾನುವಾರ, ಬೆಳಗಿನ ಜಾವ ಸುಮಾರು 1:30ಕ್ಕೆ ಕಟ್ಟೆ ಒಡೆಯಿತು. ನೀರು ಜಲಪಾತದ ಮೇಲಿಂದ ಧುಮುಕಿ, ಕಾಲೇಜಿನ ಆವರಣದಲ್ಲಿ ವಿದ್ಯಾರ್ಥಿ ಕುಟುಂಬಗಳು ಮಲಗಿದ್ದ ಹಗುರವಾದ ಮನೆಗಳನ್ನು ಕೊಚ್ಚಿಕೊಂಡು ಹೋಯಿತು. 39 ಮಂದಿ ಸತ್ತರು. ಅವರಲ್ಲಿ 20 ಮಂದಿ ಮಕ್ಕಳು.

ಓದುಗರೇ, ಈ ಘಟನೆಯಲ್ಲಿ ಖಳನಾಯಕರಿಲ್ಲ. ಮೇಲಿನ ಕಟ್ಟೆಯ ಒಡೆಯರು ದೇವರ ವಾಕ್ಯವನ್ನು ಕಲಿಸುವವರು. ಕೆಳಗೆ ಮಲಗಿದ್ದವರು ಅದನ್ನು ಕಲಿಯಲು ಬಂದವರು, ಅವರ ಮಕ್ಕಳು. ಯಾರಿಗೂ ಯಾರ ಮೇಲೂ ದ್ವೇಷವಿರಲಿಲ್ಲ, ಲಾಭದಾಸೆಯಿರಲಿಲ್ಲ. ತನಿಖೆ ನಡೆಸಿದ ತಜ್ಞರಿಗೂ ಒಡೆತಕ್ಕೆ ಇದೊಂದೇ ಕಾರಣ ಎಂದು ಬೆರಳಿಟ್ಟು ತೋರಿಸಲಾಗಲಿಲ್ಲ. ಆ ಭಾನುವಾರದ ನಂತರ ಬದುಕುಳಿದವರು ತೋರಿದ ವಿಶ್ವಾಸವನ್ನು ಕಂಡು ಇಡೀ ದೇಶ ಮೆಚ್ಚಿತು. ಅಧ್ಯಕ್ಷ ಜಿಮ್ಮಿ ಕಾರ್ಟರ್ ಅವರ ಪತ್ನಿ ರೊಸಲಿನ್ ಕಾರ್ಟರ್ ಅಲ್ಲಿಗೆ ಹೋಗಿ ಅವರನ್ನು ಕಂಡರು. ವಿಶ್ವಾಸವು ದುಃಖವನ್ನು ಹೊರಲು ಬಲ ಕೊಟ್ಟಿತು. ಆದರೆ ಕಟ್ಟೆಯನ್ನು ಪರೀಕ್ಷಿಸುವ ಕೆಲಸವನ್ನು ವಿಶ್ವಾಸವು ನಮ್ಮ ಬದಲಿಗೆ ಮಾಡಿಕೊಡುವುದಿಲ್ಲ. ಭಕ್ತಿ ಇದ್ದ ಮಾತ್ರಕ್ಕೆ ಎಚ್ಚರದ ಹೊಣೆ ತಪ್ಪುವುದಿಲ್ಲ ಎಂಬ ಪಾಠವನ್ನು ಕ್ರೈಸ್ತ ಸಂಸ್ಥೆಗಳನ್ನು ನಡೆಸುವ ನಾವೆಲ್ಲರೂ ಈ ಘಟನೆಯಿಂದ ಕಲಿಯಬೇಕು.

ಆ ದುರಂತದ ಬಳಿಕ ಅಧ್ಯಕ್ಷ ಕಾರ್ಟರ್ ಅವರ ಆದೇಶದಂತೆ, ಕೆಳಗೆ ಜನವಸತಿ ಇರುವ ಸಾವಿರಾರು ಅಣೆಕಟ್ಟುಗಳನ್ನು ಸೇನೆಯ ಇಂಜಿನಿಯರುಗಳ ನೇತೃತ್ವದಲ್ಲಿ ಪರಿಶೀಲಿಸಲಾಯಿತು. ಅವುಗಳಲ್ಲಿ ಸುಮಾರು ಮೂರನೆಯ ಒಂದು ಭಾಗ ಸುರಕ್ಷಿತವಲ್ಲವೆಂದು ಕಂಡುಬಂತು. ಇಂಥ ಪರಿಶೀಲನೆ ನಡೆಯಬೇಕೆಂಬ ಕಾನೂನು 1972ರಲ್ಲೇ ಬಂದಿತ್ತು. ಅದಕ್ಕೆ ಹಣ ದೊರೆಯಲು ಟೊಕೋವಾದ ಸಾವುಗಳು ಬೇಕಾದವು. ಜಾರ್ಜಿಯಾ ರಾಜ್ಯವು 1978ರಲ್ಲಿ ತನ್ನದೇ ಅಣೆಕಟ್ಟು ಸುರಕ್ಷತಾ ಕಾಯ್ದೆಯನ್ನು ತಂದಿತು.

ಮೀನಿಗಾಗಿ ಹಾಕಿದ ಜಾಲರಿ

ಟೊಕೋವಾದಲ್ಲಿ ಮೇಲಿನವರೂ ಕೆಳಗಿನವರೂ ಒಂದೇ ಸಮುದಾಯದವರು. ಅದಕ್ಕಿಂತ 88 ವರ್ಷ ಹಿಂದೆ, ಅದೇ ದೇಶದ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ಮೇಲಿನವರು ಬೇರೆ, ಕೆಳಗಿನವರು ಬೇರೆಯಾಗಿದ್ದರು. ಅಲ್ಲಿನ ಸೌತ್ ಫೋರ್ಕ್ ಅಣೆಕಟ್ಟನ್ನು ಮೊದಲು ರಾಜ್ಯ ಸರ್ಕಾರ ದೋಣಿ ಕಾಲುವೆಗೆ ನೀರೊದಗಿಸಲು ಕಟ್ಟಿಸಿತ್ತು. ರೈಲು ಬಂದ ಮೇಲೆ ಕಾಲುವೆ ನಿರುಪಯುಕ್ತವಾಯಿತು. ಕಟ್ಟೆ ಕೈಯಿಂದ ಕೈಗೆ ಮಾರಾಟವಾಗಿ, 1879ರಲ್ಲಿ ಒಂದು ಮೀನು ಮತ್ತು ಬೇಟೆಯ ಕ್ಲಬ್ಬಿನ ಪಾಲಾಯಿತು. ಪಿಟ್ಸ್‌ಬರ್ಗಿನ ಉಕ್ಕಿನ ದೊರೆಗಳಾದ ಆ್ಯಂಡ್ರ್ಯೂ ಕಾರ್ನೆಗೀ, ಹೆನ್ರಿ ಫ್ರಿಕ್ ಮೊದಲಾದವರು ಅದರ ಸದಸ್ಯರು. ಸುಮಾರು 14 ಮೈಲಿ ಕೆಳಗೆ ಜಾನ್ಸ್‌ಟೌನ್ ಎಂಬ ಕಾರ್ಮಿಕರ ಪಟ್ಟಣವಿತ್ತು.

72 ಅಡಿ ಎತ್ತರದ ಆ ಮಣ್ಣಿನ ಕಟ್ಟೆಯ ತಳದಲ್ಲಿ ನೀರನ್ನು ಇಳಿಸಲು ಹಿಂದೆ ಕಬ್ಬಿಣದ ಕೊಳವೆಗಳಿದ್ದವು. ಕ್ಲಬ್ಬಿಗಿಂತ ಹಿಂದಿನ ಮಾಲೀಕನು ಅವನ್ನು ಕಿತ್ತು ಗುಜರಿಗೆ ಮಾರಿದ್ದನು. ಕ್ಲಬ್ಬು ಹೊಸ ಕೊಳವೆಗಳನ್ನು ಹಾಕಿಸಲಿಲ್ಲ. ಸಾರೋಟುಗಳು ಓಡಾಡಲು ದಾರಿ ಅಗಲವಾಗಲೆಂದು ಕಟ್ಟೆಯ ನೆತ್ತಿಯನ್ನು ತಗ್ಗಿಸಲಾಯಿತು. ಹಣ ಕೊಟ್ಟು ತಂದು ಬಿಟ್ಟ ಮೀನು ತಪ್ಪಿಸಿಕೊಂಡು ಹೋಗದಿರಲೆಂದು, ಹೆಚ್ಚುವರಿ ನೀರು ಹರಿದುಹೋಗುವ ಕೋಡಿಗೆ ಜಾಲರಿ ಹಾಕಲಾಯಿತು.

ಇದನ್ನೆಲ್ಲ ಯಾರೂ ಗಮನಿಸಿರಲಿಲ್ಲವೆಂದಲ್ಲ. ಜಾನ್ಸ್‌ಟೌನಿನ ಉಕ್ಕಿನ ಕಾರ್ಖಾನೆಯ ಮುಖ್ಯಸ್ಥ ಡ್ಯಾನಿಯಲ್ ಮೊರೆಲ್ 1880ರಲ್ಲೇ ತನ್ನ ಇಂಜಿನಿಯರನನ್ನು ಕಳಿಸಿ ಪರೀಕ್ಷೆ ಮಾಡಿಸಿದರು. ನೀರನ್ನು ಇಳಿಸುವ ಕೊಳವೆಯಿಲ್ಲ, ಕಟ್ಟೆಯಲ್ಲಿ ಸೋರಿಕೆಯಿದೆ ಎಂದು ವರದಿ ಬಂತು. ನಮ್ಮ ಉದ್ಯಮದಿಂದ ನಿಮಗೆ ಯಾವ ಅಪಾಯವೂ ಇಲ್ಲ ಎಂಬ ಅರ್ಥದ ಉತ್ತರವನ್ನು ಕ್ಲಬ್ಬಿನ ಅಧ್ಯಕ್ಷ ಬೆಂಜಮಿನ್ ರಫ್ ಬರೆದು ಕಳಿಸಿದರು. ದುರಸ್ತಿಯ ಖರ್ಚಿನಲ್ಲಿ ಪಾಲು ಕೊಡುತ್ತೇನೆ ಎಂದು ಮೊರೆಲ್ ಹೇಳಿದರೂ ಕ್ಲಬ್ಬು ಒಪ್ಪಲಿಲ್ಲ. ಪ್ರತಿ ಮಳೆಗಾಲದಲ್ಲಿಯೂ ಪಟ್ಟಣದಲ್ಲಿ ಕಟ್ಟೆ ಒಡೆಯುತ್ತದಂತೆ ಎಂಬ ಮಾತು ಹುಟ್ಟುತ್ತಿತ್ತು. ಪ್ರತಿ ಸಲವೂ ಒಡೆಯಲಿಲ್ಲ. ಹಾಗಾಗಿ ಎಚ್ಚರಿಕೆಯೇ ನಗೆಚಾಟಿಕೆಯಾಯಿತು.

1889ರ ಮೇ 31ರಂದು, ಒಂದು ಹಗಲು ಒಂದು ರಾತ್ರಿಯ ಅತಿವೃಷ್ಟಿಯ ನಂತರ, ಮಧ್ಯಾಹ್ನ ಮೂರು ಗಂಟೆಯ ಆಸುಪಾಸಿನಲ್ಲಿ ಕಟ್ಟೆ ಒಡೆಯಿತು. ಒಂದು ಗಂಟೆಯ ಬಳಿಕ ನೀರು ಜಾನ್ಸ್‌ಟೌನನ್ನು ತಲುಪಿತು. 2,209 ಮಂದಿ ಸತ್ತರೆಂದು ಲೆಕ್ಕ. ಅವರಲ್ಲಿ 750ಕ್ಕೂ ಹೆಚ್ಚು ಜನರ ಗುರುತೇ ಸಿಗಲಿಲ್ಲ. ಹೆಸರಿಲ್ಲದ ಬಿಳಿಯ ಕಲ್ಲುಗಳ ಸಾಲಿನಲ್ಲಿ ಅವರನ್ನು ಇಂದಿಗೂ ಕಾಣಬಹುದು. ಬದುಕುಳಿದವರು ಕ್ಲಬ್ಬಿನ ಮೇಲೆ ಹೂಡಿದ ದಾವೆಗಳಲ್ಲಿ ಅವರಿಗೆ ಪರಿಹಾರ ದೊರೆಯಲಿಲ್ಲ. ಇದು ದೈವಕೃತ ಎಂಬ ವಾದವೇ ಗೆದ್ದಿತು.

ದೇವರ ಮೇಲೆ ಹೊರಿಸಬೇಡಿ

ಕಾನೂನಿನ ಭಾಷೆಯಲ್ಲಿ ‘ದೈವಕೃತ’ ಎಂಬುದು ತಾಂತ್ರಿಕ ಪದ. ಆದರೂ ಯಾಜಕನಾದ ನನಗೆ ಆ ಪದವನ್ನು ಓದುವಾಗ ಸಂಕಟವಾಗುತ್ತದೆ. ಮಳೆಯನ್ನು ದೇವರು ಕಳಿಸಿದರು, ನಿಜ. ನೀತಿವಂತರ ಮೇಲೂ ಅನೀತಿವಂತರ ಮೇಲೂ ಅವರು ಮಳೆ ಸುರಿಸುತ್ತಾರೆ ಎಂಬುದು ಯೇಸುಸ್ವಾಮಿಯ ಬೋಧನೆ. ಆದರೆ ಕೊಳವೆಗಳನ್ನು ಕಿತ್ತವರು ದೇವರಲ್ಲ. ಕೋಡಿಗೆ ಜಾಲರಿ ಹಾಕಿದವರು ದೇವರಲ್ಲ. ಕಟ್ಟೆಯ ನೆತ್ತಿ ತಗ್ಗಿಸಿದ್ದರಿಂದ ವ್ಯತ್ಯಾಸವೇನೂ ಆಗಲಿಲ್ಲವೆಂದು 1891ರಲ್ಲಿ ಪ್ರಕಟವಾದ ಇಂಜಿನಿಯರುಗಳ ವರದಿ ಹೇಳಿತ್ತು. 2016ರಲ್ಲಿ ಪ್ರಕಟವಾದ ಹೊಸ ಅಧ್ಯಯನವೊಂದು ಲೆಕ್ಕವನ್ನು ಮತ್ತೆ ಹಾಕಿ ಆ ತೀರ್ಮಾನವನ್ನು ಪ್ರಶ್ನಿಸಿದೆ. ತಗ್ಗಿಸಿದ್ದರಿಂದಲೇ ನೆರೆಯನ್ನು ತಾಳಿಕೊಳ್ಳುವ ಶಕ್ತಿ ಬಹಳ ಕುಗ್ಗಿತ್ತೆಂದು ತೋರಿಸಿದೆ. 127 ವರ್ಷಗಳ ಬಳಿಕವಾದರೂ ದೇವರ ಹೆಸರಿನಲ್ಲಿದ್ದ ಆರೋಪ ಅಷ್ಟರಮಟ್ಟಿಗೆ ಇಳಿಯಿತು!

ಸಿಲೋವಾಮಿನ ಗೋಪುರ ಬಿದ್ದು 18 ಮಂದಿ ಸತ್ತ ಸಂಗತಿಯನ್ನು ಪ್ರಭು ಯೇಸು ಪ್ರಸ್ತಾಪಿಸುತ್ತಾರೆ (ಲೂಕ 13:4). ಸತ್ತವರು ಉಳಿದವರಿಗಿಂತ ಹೆಚ್ಚಿನ ಪಾಪಿಗಳಾಗಿರಲಿಲ್ಲವೆಂದು ಅವರು ಸ್ಪಷ್ಟವಾಗಿ ಹೇಳುತ್ತಾರೆ. ಕೂಡಲೇ, ಬದುಕಿರುವವರನ್ನು ಮನಪರಿವರ್ತನೆಗೆ ಕರೆಯುತ್ತಾರೆ. ದುರಂತ ನಡೆದಾಗ ಸತ್ತವರ ಪಾಪವನ್ನು ಹುಡುಕುವುದೂ ತಪ್ಪು, ದೇವರ ಚಿತ್ತವೆಂದು ಕೈಕಟ್ಟಿ ಕೂರುವುದೂ ತಪ್ಪು. ನಾವು ಬದಲಾಗಬೇಕಾದುದೇನು ಎಂದು ಕೇಳಿಕೊಳ್ಳುವುದೇ ಕ್ರೈಸ್ತ ಮಾರ್ಗ.

ಮಾಳಿಗೆಯ ಕೈಪಿಡಿಗೋಡೆ

ಪವಿತ್ರ ಬೈಬಲ್ ಈ ವಿಷಯದಲ್ಲಿ ಮೌನವಾಗಿಲ್ಲ. ಧರ್ಮೋಪದೇಶಕಾಂಡದ 22ನೆಯ ಅಧ್ಯಾಯದಲ್ಲಿ ಒಂದು ಸಣ್ಣ ಕಟ್ಟಳೆಯಿದೆ. ಹೊಸ ಮನೆ ಕಟ್ಟಿಸುವವನು ಮಾಳಿಗೆಗೆ ಸುತ್ತಲೂ ಕೈಪಿಡಿಗೋಡೆ ಕಟ್ಟಿಸಬೇಕು. ಇಲ್ಲದಿದ್ದರೆ ಯಾರಾದರೂ ಬಿದ್ದು ಸತ್ತಾಗ ಆ ರಕ್ತದ ದೋಷ ಮನೆಗೆ ಬರುತ್ತದೆ. ಬೀಳುವವನು ಅತಿಥಿಯೋ ಆಳೋ ಕಳ್ಳನೋ ಎಂದು ಕಟ್ಟಳೆ ವಿಚಾರಿಸುವುದಿಲ್ಲ. ವಿಮೋಚನಾಕಾಂಡದ 21ನೆಯ ಅಧ್ಯಾಯವು ಗುಂಡಿ ತೋಡಿ ಮುಚ್ಚದೆ ಬಿಟ್ಟವನ ಬಗ್ಗೆಯೂ, ಹಾಯುವ ಎತ್ತಿನ ಬಗ್ಗೆ ಎಚ್ಚರಿಕೆ ಬಂದ ಮೇಲೂ ಅದನ್ನು ಕಟ್ಟಿಹಾಕದ ಮಾಲೀಕನ ಬಗ್ಗೆಯೂ ಹೇಳುತ್ತದೆ. ಮೊದಲ ಸಲ ಎತ್ತು ಹಾಯ್ದು ಒಬ್ಬನು ಸತ್ತರೆ ಮಾಲೀಕನು ನಿರ್ದೋಷಿ. ಮೊದಲೇ ಎಚ್ಚರಿಸಿದ್ದರೂ ಸುಮ್ಮನಿದ್ದರೆ ಅವನೂ ಅಪರಾಧಿ. ಮೊರೆಲ್ ಬರೆದ ಪತ್ರವನ್ನು ಈ ನಿಯಮದ ಬೆಳಕಿನಲ್ಲಿ ನೋಡಿ.

ಸಂತ ತೋಮಸ್ ಅಕ್ವಿನಾಸರು ತಮ್ಮ ದೈವಶಾಸ್ತ್ರ ಸಂಗ್ರಹದಲ್ಲಿ ಆಕಸ್ಮಿಕವಾಗಿ ಆಗುವ ಮರಣದ ಪ್ರಶ್ನೆಯನ್ನು ಎತ್ತಿಕೊಳ್ಳುತ್ತಾರೆ. ನ್ಯಾಯವಾದ ಕೆಲಸವನ್ನು ತಕ್ಕ ಎಚ್ಚರದಿಂದ ಮಾಡುತ್ತಿದ್ದಾಗ ಒಬ್ಬನ ಸಾವು ಸಂಭವಿಸಿದರೆ ಅವನಿಗೆ ದೋಷವಿಲ್ಲ. ಕೆಲಸ ನ್ಯಾಯವಾದುದೇ ಆಗಿದ್ದರೂ ತಕ್ಕ ಎಚ್ಚರ ವಹಿಸದಿದ್ದರೆ ಅವನು ದೋಷದಿಂದ ಪಾರಾಗುವುದಿಲ್ಲ ಎಂಬುದು ಅವರ ತೀರ್ಮಾನ. ಕೆರೆ ಕಟ್ಟುವುದು, ಮೀನು ಸಾಕುವುದು, ಮಕ್ಕಳೊಂದಿಗೆ ದೋಣಿಯಲ್ಲಿ ವಿಹರಿಸುವುದು ಎಲ್ಲವೂ ನ್ಯಾಯವಾದ ಸಂತೋಷಗಳೇ. ಎಚ್ಚರವಿಲ್ಲದಿರುವಲ್ಲಿ ದೋಷವಿದೆ. ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವೂ (2269) ಗಂಭೀರ ಕಾರಣವಿಲ್ಲದೆ ಇತರರನ್ನು ಪ್ರಾಣಾಪಾಯಕ್ಕೆ ಒಡ್ಡುವುದನ್ನು ಐದನೆಯ ಕಟ್ಟಳೆಯ ಅಡಿಯಲ್ಲಿಯೇ ಇರಿಸುತ್ತದೆ. ಕೊಲೆ ಮಾಡಬಾರದೆಂಬ ಕಟ್ಟಳೆ ಕತ್ತಿ ಹಿಡಿದವನಿಗೆ ಮಾತ್ರ ಅನ್ವಯಿಸುವುದಿಲ್ಲ. ಸೋರಿಕೆಯನ್ನು ಕಂಡೂ ಮುಂದಿನ ವರ್ಷ ನೋಡೋಣವೆಂದವನಿಗೂ ಅನ್ವಯಿಸುತ್ತದೆ. ಬಲಿಪೂಜೆಯ ಆರಂಭದಲ್ಲಿ ನಾವು ಮಾಡುವ ಪಾಪದ ಅರಿಕೆಯಲ್ಲಿ ಮಾಡಿದ ತಪ್ಪುಗಳ ಜೊತೆಗೆ, ಮಾಡಬೇಕಾಗಿದ್ದು ಮಾಡದೆ ಬಿಟ್ಟದ್ದೂ ಸೇರಿರುವುದು ಸುಮ್ಮನೆ ಅಲ್ಲ.

ಆಮೇಲೆ ಬಂದವರು

ಇಲ್ಲಿ ಪ್ರಾಮಾಣಿಕವಾದ ಒಂದು ಆಕ್ಷೇಪವಿದೆ. ನಾನು ಕಟ್ಟೆ ಕಟ್ಟಿದಾಗ ಕೆಳಗೆ ಬರೀ ಗದ್ದೆ, ಕಾಡು. ನಲವತ್ತು ವರ್ಷಗಳ ಬಳಿಕ ಯಾರೋ ಅಲ್ಲಿ ನಿವೇಶನ ಮಾಡಿ, ಮನೆಗಳನ್ನು ಕಟ್ಟಿ, ಮಾರಿ ಹೋದರು. ನನ್ನ ಕಟ್ಟೆಯ ಒಂದು ಕಲ್ಲೂ ಅಲುಗಿಲ್ಲ; ಆದರೂ ಅದು ಕಡಿಮೆ ಅಪಾಯದ ವರ್ಗದಿಂದ ಹೆಚ್ಚು ಅಪಾಯದ ವರ್ಗಕ್ಕೆ ಏರಿತು. ಈಗ ನಾನು ಕೋಡಿಯನ್ನು ಅಗಲಿಸಬೇಕು, ಪರಿಶೀಲನೆ ಮಾಡಿಸಬೇಕು, ತುರ್ತು ಯೋಜನೆ ಬರೆಸಬೇಕು. ಅವರು ಬಂದದ್ದಕ್ಕೆ ನಾನೇಕೆ ತೆರಬೇಕು? ಇದು ಕಲ್ಪನೆಯ ಮಾತಲ್ಲ. ಅಮೆರಿಕದ ಅನೇಕ ಸಣ್ಣ ಕಟ್ಟೆಗಳ ಮಾಲೀಕರು ಎದುರಿಸುತ್ತಿರುವ ಸ್ಥಿತಿಯೇ ಇದು. ಅವರಲ್ಲಿ ಎಲ್ಲರೂ ಕಾರ್ನೆಗೀಗಳಲ್ಲ. ಅಜ್ಜ ಕಟ್ಟಿದ ಕೆರೆಯನ್ನು ಉಳಿಸಿಕೊಂಡಿರುವ ಸಾಮಾನ್ಯ ಕುಟುಂಬಗಳೂ ಇವೆ.

ಈ ಅಳಲಿನಲ್ಲಿ ನ್ಯಾಯವಿದೆ. ಅಪಾಯದ ಹಾದಿಯಲ್ಲಿ ನಿವೇಶನ ಮಾಡಿದವನು, ಅದಕ್ಕೆ ಪರವಾನಗಿ ಕೊಟ್ಟ ಅಧಿಕಾರಿ, ವಿಚಾರಿಸದೆ ಕೊಂಡವನು ಎಲ್ಲರಿಗೂ ಹೊಣೆಯ ಪಾಲಿದೆ. ಖರ್ಚನ್ನು ಸಮಾಜ ಹಂಚಿಕೊಳ್ಳಬೇಕೆಂದು ಮಾಲೀಕನು ಕೇಳಿದರೆ ಅದು ತಪ್ಪಲ್ಲ. ಆದರೆ ಆ ಲೆಕ್ಕ ಇತ್ಯರ್ಥವಾಗುವವರೆಗೆ ನೀರು ಕಾಯುವುದಿಲ್ಲ. ಕೆಳಗೆ ಮಲಗಿರುವ ಮಗುವಿಗೆ ಯಾರು ಮೊದಲು ಬಂದರೆಂಬುದು ಗೊತ್ತಿಲ್ಲ. ನೆರೆಯವರನ್ನು ನಾವು ಆರಿಸಿಕೊಳ್ಳುವುದಿಲ್ಲ. ಅವರು ನಮಗೆ ಕೊಡಲ್ಪಡುತ್ತಾರೆ. ಗಾಯಗೊಂಡವನು ತನ್ನ ದಾರಿಯಲ್ಲಿ ಏಕೆ ಬಿದ್ದನೆಂದು ಆ ಸಮಾರಿಯದವನು ಕೇಳಲಿಲ್ಲ. ಆಸ್ತಿಯ ಹಕ್ಕನ್ನು ಧರ್ಮಸಭೆ ಎಂದೂ ಅಲ್ಲಗಳೆದಿಲ್ಲ. ಆದರೆ ಸೃಷ್ಟಿಯ ಸಂಪತ್ತು ಮೊದಲು ಎಲ್ಲರ ಒಳಿತಿಗಾಗಿ ಇರುವುದು, ಖಾಸಗಿ ಒಡೆತನ ಅದಕ್ಕೆ ಅಧೀನವಾದುದು ಎಂದು 2015ರಲ್ಲಿ ಪೋಪ್ ಫ್ರಾನ್ಸಿಸ್‌ರವರು ‘ಲಾವ್ದಾತೊ ಸಿ’ ವಿಶ್ವಪತ್ರದಲ್ಲಿ ಮತ್ತೆ ನೆನಪಿಸಿದರು. ಕಟ್ಟೆಯನ್ನು ಕಾಪಾಡಲು ನಿಜವಾಗಿಯೂ ಶಕ್ತಿಯಿಲ್ಲದವನು ನೀರಿನ ಮಟ್ಟವನ್ನು ಇಳಿಸಬಹುದು, ಕೊನೆಗೆ ಕೆರೆಯನ್ನೇ ಬಿಟ್ಟುಕೊಡಬಹುದು. ಅದು ನೋವಿನ ತ್ಯಾಗ. ಆದರೆ ವಿಹಾರವನ್ನು ತ್ಯಜಿಸಬಹುದು, ಇನ್ನೊಬ್ಬರ ಪ್ರಾಣವನ್ನು ನಾವು ತ್ಯಜಿಸಲಾಗದು.

ಕಾನೂನು ನಿಲ್ಲುವಲ್ಲಿ

ಕಾನೂನು ಈ ದಿಕ್ಕಿನಲ್ಲಿ ನಿಧಾನವಾಗಿ ನಡೆದಿದೆ. ಇಂಗ್ಲೆಂಡಿನ ಗಿರಣಿ ಮಾಲೀಕರೊಬ್ಬರ ಜಲಾಶಯದ ನೀರು ನೆರೆಯವನ ಗಣಿಗೆ ನುಗ್ಗಿದ ಪ್ರಕರಣದಲ್ಲಿ ಅಲ್ಲಿನ ಅತ್ಯುನ್ನತ ನ್ಯಾಯಪೀಠ 1868ರಲ್ಲೇ ಒಂದು ತತ್ವವನ್ನು ಎತ್ತಿಹಿಡಿಯಿತು: ಹೊರಗೆ ಹರಿದರೆ ಹಾನಿ ಮಾಡಬಲ್ಲ ವಸ್ತುವನ್ನು ತನ್ನ ನೆಲದಲ್ಲಿ ತಂದಿರಿಸಿಕೊಂಡವನು ಅದರ ಹೊಣೆಯನ್ನು ತಾನೇ ಹೊರಬೇಕು. ಅಪಾಯಕಾರಿ ಉದ್ದಿಮೆಗಳ ವಿಷಯದಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯ 1986ರ ಡಿಸೆಂಬರಿನಲ್ಲಿ ಇನ್ನೂ ಮುಂದೆ ಹೋಗಿ, ದೈವಕೃತವೆಂಬ ವಿನಾಯಿತಿಯೂ ಇಲ್ಲದ ಸಂಪೂರ್ಣ ಹೊಣೆಯನ್ನು ವಿಧಿಸಿತು. 2021ರಲ್ಲಿ ಭಾರತಕ್ಕೆ ಅಣೆಕಟ್ಟು ಸುರಕ್ಷತಾ ಕಾಯ್ದೆ ಬಂದಿದೆ. ಅಪಾಯ ವರ್ಗೀಕರಣದ ವ್ಯವಸ್ಥೆ ಅದರಲ್ಲಿಯೂ ಇದೆ.

ಆದರೆ ಆ ಕಾಯ್ದೆ ಅನ್ವಯಿಸುವುದು 15 ಮೀಟರಿಗಿಂತ ಎತ್ತರದ ಅಣೆಕಟ್ಟುಗಳಿಗೆ, ಮತ್ತು 10ರಿಂದ 15 ಮೀಟರ್ ಎತ್ತರವಿದ್ದು ಉದ್ದ, ನೀರಿನ ಸಂಗ್ರಹ ಮೊದಲಾದ ಕೆಲವು ಷರತ್ತುಗಳಿಗೆ ಒಳಪಡುವವುಗಳಿಗೆ. ಟೊಕೋವಾದ ಕಟ್ಟೆಯ ಎತ್ತರ ಸುಮಾರು 12 ಮೀಟರ್, ಸಂಗ್ರಹವೂ ಉದ್ದವೂ ಅಲ್ಪ. ಆ ಅಳತೆಗಳಿಂದ ನೋಡಿದರೆ, 39 ಜೀವಗಳನ್ನು ತೆಗೆದ ಕಟ್ಟೆ ಇಂಥ ಪಟ್ಟಿಯೊಳಗೆ ಸುಲಭವಾಗಿ ಬರುವಂತಿರಲಿಲ್ಲ. ಇದು ಕಾಯ್ದೆಯ ದೂಷಣೆಯಲ್ಲ. ಯಾವ ಕಾನೂನೂ ಎಲ್ಲೋ ಒಂದು ಕಡೆ ಗೆರೆ ಎಳೆಯಲೇಬೇಕು. ಗೆರೆಯ ಈಚೆಗೆ ಉಳಿದ ಸಣ್ಣ ಕಟ್ಟೆಗಳ ಕಾವಲಿಗೆ ಆತ್ಮಸಾಕ್ಷಿಯೊಂದೇ ಇರುತ್ತದೆ.

ಹಾಗಾದರೆ ನಮ್ಮ ಕುಟುಂಬಗಳಿಗೆ ಇದರಿಂದೇನು? ಮಲೆನಾಡಿನ ತೋಟಗಳಲ್ಲಿ ಇಳಿಜಾರಿನ ಮೇಲೆ ತೋಡಿದ ಕೆರೆಗಳಿವೆ; ಅವುಗಳ ಕೆಳಗೆ ಕೆಲವೆಡೆ ಕಾರ್ಮಿಕರ ಲೈನು ಮನೆಗಳಿವೆ. ಹೊಲಗಳಲ್ಲಿ ಬೇಲಿಯಿಲ್ಲದ ಕೃಷಿ ಹೊಂಡಗಳಿವೆ. ನೀರು ಸಿಗದೆ ಬಿಟ್ಟ ಕೊಳವೆಬಾವಿಗಳನ್ನು ಮುಚ್ಚಲೇಬೇಕೆಂದು ಸರ್ವೋಚ್ಚ ನ್ಯಾಯಾಲಯ 2010ರಲ್ಲಿ ಮಾರ್ಗಸೂಚಿ ಕೊಟ್ಟ ಬಳಿಕವೂ ಮಕ್ಕಳು ಅವುಗಳಲ್ಲಿ ಬಿದ್ದಿದ್ದಾರೆ. ನಮ್ಮ ಧರ್ಮಕೇಂದ್ರಗಳಿಗೂ ಶಾಲೆಗಳಿಗೂ ಹಳೆಯ ಕಟ್ಟಡಗಳು, ಆವರಣ ಗೋಡೆಗಳು, ನೀರಿನ ತೊಟ್ಟಿಗಳು ಇವೆ. ಇವುಗಳಲ್ಲಿ ಬಹುಪಾಲು ಗಟ್ಟಿಯಾಗಿಯೇ ಇರಬಹುದು. ಆದರೆ ನಾವು ಕೇಳಬೇಕಾದ ಮೊದಲ ಪ್ರಶ್ನೆ ಅದಲ್ಲ. ಇದು ಬಿದ್ದರೆ ಯಾರ ಮೇಲೆ ಬೀಳುತ್ತದೆ? ಇದು ಒಡೆದರೆ ಯಾರ ಮನೆಗೆ ನುಗ್ಗುತ್ತದೆ? ಆ ಮನೆಯವರ ಹೆಸರು ನಮಗೆ ಗೊತ್ತೇ?

ಈ ಮಳೆಗಾಲಕ್ಕೆ ಮುಂಚೆ, ಒಂದು ಭಾನುವಾರ ಬಲಿಪೂಜೆ ಮುಗಿಸಿ ಬಂದ ಮೇಲೆ, ಮಕ್ಕಳನ್ನೂ ಕರೆದುಕೊಂಡು ನಿಮ್ಮ ಜಮೀನಿನ ನೀರು ಇಳಿದುಹೋಗುವ ಹಾದಿಯಲ್ಲಿ ಒಮ್ಮೆ ನಡೆದು ಹೋಗಿ. ಹಾದಿಯಲ್ಲಿರುವ ಮನೆಗಳನ್ನು ಎಣಿಸಿ. ಅಲ್ಲಿಯವರೊಡನೆ ಕುಳಿತು ಮಾತಾಡಿ. ಮಳೆಯ ರಾತ್ರಿಗಳಲ್ಲಿ ಅವರಿಗೆ ಭಯವಾಗುತ್ತದೆಯೇ ಎಂದು ಕೇಳಿ. ಅವರೇನಾದರೂ ಸೋರಿಕೆಯನ್ನು, ಕುಸಿತವನ್ನು ತೋರಿಸಿದರೆ ಮೊರೆಲ್‌ಗೆ ಬಂದ ಉತ್ತರವನ್ನು ಅವರಿಗೆ ಕೊಡಬೇಡಿ. ತಿಳಿದವರನ್ನು ಕರೆಸಿ ತೋರಿಸಿ. ಅವರ ದೂರವಾಣಿ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ, ನಿಮ್ಮದನ್ನು ಅವರಿಗೆ ಕೊಡಿ.

ತಮ್ಮನೆಲ್ಲಿ ಎಂದು ದೇವರು ಕೇಳಿದಾಗ, ಅವನನ್ನು ಕಾಯುವವನು ನಾನೇ ಏನು ಎಂದು ಕಾಯಿನನು ಮರುಪ್ರಶ್ನೆ ಹಾಕಿದನು. ಅದೇ ಪ್ರಶ್ನೆ ನಮಗೆ ಬಂದಾಗ, ಅವನ ಮನೆ ಎಲ್ಲಿದೆ, ಆ ಮನೆಯಲ್ಲಿ ಎಷ್ಟು ಜನರಿದ್ದಾರೆ ಎಂದಾದರೂ ಹೇಳುವಷ್ಟು ನಾವು ಅವನನ್ನು ಬಲ್ಲವರಾಗಿರೋಣ. ಮಳೆಯನ್ನು ಕಳಿಸುವ ದೇವರು, ಮಳೆಯ ಕೆಳಗೆ ಮಲಗುವ ಎಲ್ಲರನ್ನೂ ಕಾಪಾಡಲಿ. ಆ ಕಾವಲಿನಲ್ಲಿ ನಮ್ಮ ಕೈಗಳನ್ನೂ ಬಳಸಿಕೊಳ್ಳಲಿ.